ಮೀನು ಮುಟ್ಟದ ಅಡುಗೆಯವನ ಗ್ರೀನ್ ಕಾರ್ಡ್

ಮದುವೆ ಮನೆಗಳಲ್ಲಿ ಯಾರಾದರೂ “ವಾರಿಜಕ್ಕ, ನಿಮಗೆ ಎಂತ ಕೆಲಸ?” ಎಂದು ಕೇಳಿದರೆ “ಟೈಪಿಂಗ್” ಎಂದು ಹೇಳಿ ಸುಮ್ಮನಾಗುತ್ತಿದ್ದೆ. ಪೂರ್ತಿ ಹೇಳಲು ಹೊರಟರೆ ಪಾಯಸ ಬರುವಷ್ಟರಲ್ಲಿ ಮುಗಿಯುವಂಥದ್ದಲ್ಲ. ಹಂಪನಕಟ್ಟೆಯ ಒಂದು ಹಳೆಯ ಕಟ್ಟಡ. ಕೆಳಗೆ ಚಪ್ಪಲಿ ಅಂಗಡಿ, ಮೇಲೆ ಲಾಡ್ಜು, ನಡುವಿನ ಮಹಡಿಯಲ್ಲಿ ನೋಟರಿ ಪ್ರಭು ವಕೀಲರ ಆಫೀಸು. ಗಲ್ಫಿಗೋ ಅಮೆರಿಕಕ್ಕೋ ಹೋಗುವವರ ಜನನ ಪತ್ರ, ಮದುವೆ ಪತ್ರ, ಅನುಭವ ಪತ್ರ ಎಲ್ಲವೂ ನನ್ನ ಮೇಜಿನ ಮೇಲೆ ಕನ್ನಡದಿಂದ ಇಂಗ್ಲಿಷಿಗೆ ತಿರುಗಿ, ಪ್ರಭುಗಳ ಸೀಲು ಹಾಕಿಸಿಕೊಂಡು ವಿಮಾನ ಹತ್ತುತ್ತಿದ್ದವು. ಮೂವತ್ತೇಳು ವರ್ಷ ಈ ಕೆಲಸ ಮಾಡಿದೆ. ನಾನು ಮಾತ್ರ ಕಾಟಿಪಳ್ಳದಿಂದ ಹಂಪನಕಟ್ಟೆಗೆ, ಹಂಪನಕಟ್ಟೆಯಿಂದ ಕಾಟಿಪಳ್ಳಕ್ಕೆ ಸಿಟಿ ಬಸ್ಸಿಗಿಂತ ದೊಡ್ಡದು ಯಾವುದನ್ನೂ ಹತ್ತಲಿಲ್ಲ.

ಹೋದ ವರ್ಷ ಬಿಟ್ಟೆ. ಈಗ ಆ ಕುರ್ಚಿಗೆ ಬಂದಿರುವ ಹುಡುಗಿ ಕಂಪ್ಯೂಟರ್ ಕಲಿತವಳು, ಚುರುಕು. ಆದರೂ ಮೊನ್ನೆ ಫೋನ್ ಮಾಡಿ, “ಅಕ್ಕ, ಈ ಕೆಲಸದಲ್ಲಿ ಜಾಗ್ರತೆ ಮಾಡ್ಬೇಕಾದ್ದು ಎಂತ?” ಎಂದು ಕೇಳಿದಳು. ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ನಾನು ಸರಿ ಮಾಡಿದ್ದು ನೆನಪಿಲ್ಲ. ತಪ್ಪು ಮಾಡಿದ್ದೆಲ್ಲ ಅಚ್ಚುಕಟ್ಟಾಗಿ ನೆನಪುಂಟು.

ಪ್ರಭುಗಳ ಬಗ್ಗೆ ಮೊದಲು ಹೇಳಬೇಕು. ಬಿಳಿ ಷರ್ಟು, ಕಪ್ಪು ಕೋಟು, ಕೋಟಿನ ಜೇಬಿನಲ್ಲಿ ನೋಟರಿ ಸೀಲಿನ ಡಬ್ಬಿ. ಆ ಡಬ್ಬಿಯನ್ನು ಅವರು ಊಟಕ್ಕೆ ಹೋದಾಗಲೂ ಬಿಟ್ಟವರಲ್ಲ. ಯಾರೇ ಕಾಗದ ತಂದರೂ ಮೊದಲು ಕೇಳುವ ಪ್ರಶ್ನೆ ಒಂದೇ: “ಅವರು ಎಂತ ಕೇಳಿದ್ದಾರೆ?” ಕೇಳಿದ್ದಕ್ಕೆ ಉತ್ತರ ಬರೆಯಬೇಕು, ಕೇಳದ್ದನ್ನು ಬರೆಯಬಾರದು. ಇದಿಷ್ಟೇ ಅವರ ವಿದ್ಯೆ. ಇದನ್ನು ಅವರು ನನಗೆ ಸಾವಿರ ಸಲ ಹೇಳಿರಬಹುದು. ಸಾವಿರದ ಒಂದನೇ ಸಲ ನಾನು ಮರೆತದ್ದರ ಕಥೆ ಮುಂದೆ ಬರುತ್ತದೆ.

ಸೇರಿದ ಹೊಸತರಲ್ಲಿ ನನ್ನನ್ನು ಕಂಗಾಲು ಮಾಡಿದ್ದು ಹೆಸರುಗಳು. ನಮ್ಮಲ್ಲಿ ಕೆಲವು ಮನೆಗಳಲ್ಲಿ ಮಕ್ಕಳಿಗೆ ತಾಯಿಯ ಕಡೆಯ ಕುಟುಂಬದ ಹೆಸರು. ತಂದೆಯದು ಒಂದು, ಮಗನದು ಇನ್ನೊಂದು. ಇಲ್ಲಿ ಯಾರೂ ಅದನ್ನು ವಿಶೇಷ ಎಂದು ಲೆಕ್ಕಕ್ಕೆ ಇಡುವುದಿಲ್ಲ. ಅಮೆರಿಕದವರು ಇಡುತ್ತಾರೆ. ಒಬ್ಬ ನಿವೃತ್ತ ಮೇಷ್ಟ್ರು ಮಗನ ಅರ್ಜಿಗೆ ಬಂದ ಪ್ರಶ್ನೆಯನ್ನು ಹಿಡಿದುಕೊಂಡು ಬಂದರು. ಕುಟುಂಬದ ಹೆಸರು ಬೇರೆ ಇರುವ ಇವರು ನಿಜವಾಗಿಯೂ ಹುಡುಗನ ತಂದೆಯೇ ಹೌದೋ ಎಂದು ಅದರಲ್ಲಿ ಕೇಳಿದ್ದರು. ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತ್ತು. “ನಲವತ್ತು ವರ್ಷ ಸಂಸಾರ ಮಾಡಿದ್ದೇನೆ ಮಾರಾಯ್ರೆ! ಇವರಿಗೆ ಎಂತ ಸಂಶಯ?” ಎಂದು ಮೇಜು ಕುಟ್ಟಿದರು. ನಾನು ಪಾಪ ಅನ್ನಿಸಿ ಅಫಿಡವಿಟ್ಟಿನಲ್ಲಿ ಅವರ ಹೆಂಡತಿಯ ನಡತೆಯ ಬಗ್ಗೆ ಒಂದು ಒಳ್ಳೆಯ ವಾಕ್ಯ ಸೇರಿಸಿದೆ. ಪ್ರಭುಗಳು ಓದಿ, ಆ ವಾಕ್ಯದ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರು. “ಅಮ್ಮಾ, ಕೇಳದಿದ್ದ ಸಂಶಯವನ್ನು ನೀನೇ ಕೊಟ್ಟಂತಾಯ್ತು” ಎಂದರು. ಇಡೀ ಪುಟವನ್ನು ಮತ್ತೆ ಟೈಪ್ ಮಾಡಿದೆ. ಆಗ ಟೈಪ್ ರೈಟರು, ನಾಲ್ಕು ಪ್ರತಿಗೆ ಮೂರು ಕಾರ್ಬನ್ನು. ಒಂದು ತಪ್ಪು ಅಕ್ಷರಕ್ಕೆ ನಾಲ್ಕು ಕಡೆ ಉಜ್ಜಬೇಕಿತ್ತು. ಹಾಗಾಗಿ ತಪ್ಪು ಕಡಿಮೆ ಮಾಡುತ್ತಿದ್ದೆವು. ಕಂಪ್ಯೂಟರ್ ಬಂದ ಮೇಲೆ ಅಳಿಸುವುದು ಸುಲಭವಾಯಿತು, ಸೇರಿಸುವುದೂ ಸುಲಭವಾಯಿತು. ನನ್ನ ದೊಡ್ಡ ತಪ್ಪು ಕಂಪ್ಯೂಟರಿನ ಕಾಲದ್ದೇ.

ಆ ತಪ್ಪಿನ ಹೆಸರು ದಿನೇಶ.

ದಿನೇಶ ಸುರತ್ಕಲ್ ಕಡಲ ಬದಿಯವ. ಅಪ್ಪ ದೋಣಿಯಲ್ಲಿ ಹೋಗುತ್ತಿದ್ದವರು, ತಾಯಿ ಗಿರಿಜಕ್ಕ ಮಾರ್ಕೆಟಿನಲ್ಲಿ ಮೀನು ಮಾರುವವರು. ಇವನಿಗೆ ಮಾತ್ರ ದೋಣಿ ಹತ್ತಿದರೆ ವಾಂತಿ. ಹಾಗಾಗಿ ಇಪ್ಪತ್ತೆರಡನೇ ವಯಸ್ಸಿಗೆ ಹಂಪನಕಟ್ಟೆಯ ರಾಯರ ಹೋಟೆಲಿನಲ್ಲಿ ರುಬ್ಬುವ ಕೆಲಸಕ್ಕೆ ಸೇರಿದ. ರಾಯರದ್ದು ಶುದ್ಧ ಸಸ್ಯಾಹಾರಿ ಹೋಟೆಲು. ಬಾಗಿಲಲ್ಲಿ ‘ಶುದ್ಧ’ ಎಂಬ ಶಬ್ದ ಹೋಟೆಲಿನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿತ್ತು. ಒಂದು ದಿನ ಮುಖ್ಯ ಅಡುಗೆಯವರು ಜಗಳ ಮಾಡಿ ಹೋದರು. ಮಧ್ಯಾಹ್ನದ ಊಟ ನಿಲ್ಲಬಾರದೆಂದು ದಿನೇಶ ಸೌಟು ಹಿಡಿದ. ಆರು ವರ್ಷ ಕೆಳಗಿಡಲಿಲ್ಲ. ಆ ಹೋಟೆಲಿನ ಸೌತೆಕಾಯಿ ಹುಳಿಗೆ ಕೋರ್ಟಿನಿಂದ ವಕೀಲರು ಬರುತ್ತಿದ್ದರು. ನಮ್ಮ ಪ್ರಭುಗಳೂ ವಾರಕ್ಕೆ ಎರಡು ದಿನ ಮನೆಯ ಬುತ್ತಿಯನ್ನು ನನಗೆ ಕೊಟ್ಟು ಅಲ್ಲಿಗೆ ಹೋಗುತ್ತಿದ್ದರು.

ಆಮೇಲೆ ಅಮೆರಿಕದಲ್ಲಿ ಹೋಟೆಲಿಟ್ಟಿದ್ದ ಒಬ್ಬರು ಊರಿಗೆ ಬಂದವರು ಆ ಹುಳಿ ಉಂಡು ದಿನೇಶನನ್ನೇ ಕರೆದುಕೊಂಡು ಹೋದರು. ಯಾವ ವೀಸಾ, ಅದನ್ನು ಎಷ್ಟು ಸಲ ಎಳೆದು ಉದ್ದ ಮಾಡಿದರು ಎಂಬುದು ಬೇರೆಯೇ ಕಥೆ, ಇಲ್ಲಿ ಬೇಡ. ಹೋಗಿ ಸ್ವಲ್ಪ ಕಾಲವಾದ ಮೇಲೆ ಆ ಯಜಮಾನರು ಅವನಿಗೆ ಅಲ್ಲಿಯೇ ಕಾಯಂ ಆಗಿ ನೆಲೆಸುವ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದರು. ಹಿಂದೆ ಎಲ್ಲಿ, ಎಂತ ಅಡುಗೆ ಮಾಡುತ್ತಿದ್ದ ಎಂದು ಹಳೆಯ ಯಜಮಾನರ ಅನುಭವ ಪತ್ರ ಬೇಕಿತ್ತು. ರಾಯರು ನಮ್ಮ ಆಫೀಸಿಗೇ ಬಂದರು.

ಅವರು ನಿಂತುಕೊಂಡೇ ಹೇಳಿದರು, ನಾನು ಕುಳಿತು ಟೈಪ್ ಮಾಡಿದೆ. ಆರು ವರ್ಷ ಕೆಲಸ, ದಕ್ಷಿಣ ಭಾರತದ ಸಸ್ಯಾಹಾರ, ನಾಲ್ಕು ಜನ ಸಹಾಯಕರ ಮೇಲ್ವಿಚಾರಣೆ. ಎಲ್ಲ ಮುಗಿಯಿತು. ಆಗ ರಾಯರು, “ಅವ ಮೀನು ಗೀನು ಮುಟ್ಟುವವ ಅಲ್ಲ ಅಂತಲೂ ಹಾಕಿ” ಎಂದರು. ಪ್ರಭುಗಳು ಒಳಗಿನಿಂದಲೇ, “ಅದನ್ನು ಅವರು ಕೇಳಿದ್ದಾರಾ?” ಎಂದರು. “ಕೇಳ್ಲಿಲ್ಲ. ಆದ್ರೆ ಹುಡುಗ ಕಡಲ ಬದಿಯವ. ನಾಳೆ ಯಾರೂ ಸಂಶಯ ಪಡಬಾರದಲ್ಲ” ಎಂದು ರಾಯರು ನನ್ನ ಹೆಗಲ ಮೇಲಿಂದ ಪರದೆ ನೋಡುತ್ತಾ ನಿಂತರು. ಪ್ರಭುಗಳಿಗೆ ಅಷ್ಟರಲ್ಲಿ ಫೋನ್ ಬಂತು. ನಾನು ಹಿರಿಯರ ಮನಸ್ಸು ನೋಯಿಸುವುದು ಬೇಡವೆಂದು ಇಂಗ್ಲಿಷಿನಲ್ಲಿ ಆ ವಾಕ್ಯ ಹಾಕಿದೆ. ಅವನು ಮೀನನ್ನು ಮುಟ್ಟುವುದಿಲ್ಲ. ಪೂರ್ಣವಿರಾಮ. ರಾಯರು ಸಂತೋಷದಿಂದ ಸಹಿ ಮಾಡಿದರು. ಪತ್ರ ವಿಮಾನ ಹತ್ತಿತು.

ಹತ್ತು ವರ್ಷ ಅದರ ಸುದ್ದಿ ಇಲ್ಲ. ಭಾರತದಲ್ಲಿ ಹುಟ್ಟಿದವರ ಸರದಿ ಅಷ್ಟು ಉದ್ದ. ಯಜಮಾನರ ಅರ್ಜಿ ಒಪ್ಪಿಗೆಯಾದರೂ ಕೊನೆಯ ಅರ್ಜಿ ಹಾಕಲು ಸರದಿ ಹತ್ತಿರ ಬರುವವರೆಗೆ ಕಾಯಬೇಕು. ಹಾಕಿದ ಮೇಲೂ ಕಾರ್ಡು ಕೈಗೆ ಬರಲು ಮತ್ತೆ ಕಾಯಬೇಕು. ಅಷ್ಟೂ ಕಾಲ ಕೆಲಸ ಕೊಟ್ಟ ಯಜಮಾನರು ಕೂತ್ಕೋ ಅಂದರೆ ಕೂರುವುದು, ನಿಲ್ಲು ಅಂದರೆ ನಿಲ್ಲುವುದು.

ದಿನೇಶನ ಯಜಮಾನರು ಕೆಟ್ಟವರೇನಲ್ಲವಂತೆ. ಆದರೆ ಎಲ್ಲದಕ್ಕೂ ಒಂದೇ ಮಾತು: “ಕಾರ್ಡ್ ಬರಲಿ, ಮತ್ತೆ ನೋಡುವಾ.” ಭಾನುವಾರ ರಜೆ ಕೇಳಿದರೆ ಕಾರ್ಡ್ ಬರಲಿ. ಮಗಳ ಶಾಲೆಯ ನಾಟಕಕ್ಕೆ ಎರಡು ಗಂಟೆ ಬಿಡಿ ಎಂದರೆ ಕಾರ್ಡ್ ಬರಲಿ. ಅವನ ಅಪ್ಪ ತೀರಿಕೊಂಡಾಗ, “ಈಗ ಹೋದ್ರೆ ನಿನ್ನ ಜಾಗ ಇಟ್ಟುಕೊಳ್ಳಲಿಕ್ಕೆ ನನ್ನಿಂದ ಆಗುದಿಲ್ಲ” ಎಂದರಂತೆ. ದಿನೇಶ ಹೋಟೆಲಿನ ಹಿಂದೆ, ತರಕಾರಿ ಪೆಟ್ಟಿಗೆಯ ಮೇಲೆ ಕುಳಿತು ಫೋನಿನಲ್ಲಿ ಅಪ್ಪನ ಅಂತ್ಯಕ್ರಿಯೆ ನೋಡಿದ. ನೆರೆಮನೆಯವರು ಫೋನ್ ಹಿಡಿದಿದ್ದರು. ಕೈ ಅಲುಗಿ ಅವನಿಗೆ ಹೆಚ್ಚು ಹೊತ್ತು ಕಂಡದ್ದು ತೆಂಗಿನ ಮರದ ತುದಿ. ಈ ಸಂಗತಿಯನ್ನು ಅವನು ನನಗೆ ಬಹಳ ದಿನ ಬಿಟ್ಟು ಹೇಳಿದ. ಆಗಲೂ ನಗುತ್ತಲೇ ಹೇಳಿದ, ನನಗೆ ನಗಲು ಆಗಲಿಲ್ಲ.

ಕೊರೋನ ಬಂದ ವರ್ಷ ಅವನ ಸರದಿ ಒಮ್ಮೆಲೇ ಮುಂದೆ ಬಂದು ಕೊನೆಯ ಅರ್ಜಿ ಒಳಗೆ ಹೋಯಿತು. ಅಲ್ಲಿ ಒಂದು ನಿಯಮ ಉಂಟು. ಈ ಅರ್ಜಿ ಆರು ತಿಂಗಳು ದಾಟಿಯೂ ಇತ್ಯರ್ಥವಾಗದೆ ಉಳಿದಿದ್ದರೆ ಅರ್ಜಿದಾರ ಬೇರೆ ಯಜಮಾನರ ಬಳಿ ಹೋಗಬಹುದು. ಸರದಿ ತಪ್ಪುವುದಿಲ್ಲ. ಆದರೆ ಹೊಸ ಕೆಲಸ ಹಳೆಯ ಕೆಲಸದ ಹಾಗೆಯೇ ಇರಬೇಕು, ಅಥವಾ ಅದಕ್ಕೆ ಹೋಲುವಂತಿರಬೇಕು. ದಿನೇಶ ಕ್ಯಾಲೆಂಡರಿನಲ್ಲಿ ದಿನ ಗುರುತು ಮಾಡಿ ಕಾದ. ಆರು ತಿಂಗಳು ದಾಟಿ ಎರಡು ವಾರವಾದ ಮೇಲೆ, ಅದೇ ಊರಿನಲ್ಲಿ ಗೋವಾದ ಒಬ್ಬ ಹೆಂಗಸು ನಡೆಸುತ್ತಿದ್ದ ಹೋಟೆಲಿಗೆ ಅಡುಗೆಯವನಾಗಿ ಸೇರಿದ. ಭಾನುವಾರ ರಜೆ. ಅದರ ಕಾಗದಪತ್ರವೂ ಅಲ್ಲಿಯ ವಲಸೆ ಆಫೀಸಿಗೆ ಹೋಯಿತು.

ಅದು ಮೀನಿನ ಹೋಟೆಲು.

ಒಂದು ಬೆಳಿಗ್ಗೆ ನಾನು ಬಸ್ಸಿನಲ್ಲಿ ಕೂಳೂರು ಸೇತುವೆಯ ಮೇಲಿದ್ದೆ, ಫೋನ್ ಬಂತು.

“ವಾರಿಜಕ್ಕ, ನಾನು ದಿನೇಶ. ರಾಯರ ಹೋಟೆಲಿನ ದಿನೇಶ. ನೆನಪುಂಟಾ?”

“ಹೋ! ಎಂತ ಮಾರಾಯ, ಹೇಗಿದ್ದಿ?”

“ಆಗ ಆ ಪತ್ರ ಬರ್ದದ್ದು ನೀವೇ ಅಲ್ವಾ?”

ನನಗೆ ಹೆಮ್ಮೆಯಾಯಿತು. “ಹೌದು, ನಾನೇ.”

“ಅಕ್ಕ, ಅದರಲ್ಲಿ ನಾನು ಮೀನು ಮುಟ್ಟುವುದಿಲ್ಲ ಅಂತ ಉಂಟಂತೆ. ಇಲ್ಲಿಯವರು ಅದನ್ನು ಹಿಡ್ಕೊಂಡಿದ್ದಾರೆ. ಮೀನು ಮುಟ್ಟದವನಿಗೆ ಮೀನಿನ ಹೋಟೆಲಿನ ಕೆಲಸ ಹಿಂದಿನ ಕೆಲಸದ ಹಾಗೆ ಹೇಗಾಗ್ತದೆ, ತೋರಿಸಿ ಅಂತ ಕಾಗದ ಬಂದಿದೆ. ಮೂರು ತಿಂಗಳೊಳಗೆ ಉತ್ತರ ಕೊಡದಿದ್ರೆ ಅರ್ಜಿ ಹೋಯ್ತು. ನಾನು, ಹೆಂಡತಿ ಶಶಿಕಲಾ, ಮಗಳು, ಮೂರು ಜನವೂ ಗಂಟುಮೂಟೆ ಕಟ್ಟಬೇಕು.”

ಕಂಡಕ್ಟರ್ “ಟಿಕೆಟ್, ಟಿಕೆಟ್” ಎನ್ನುತ್ತಿದ್ದ. ನಾನು ಪಾಸಿನ ಬದಲು ಕನ್ನಡಕದ ಡಬ್ಬಿ ತೋರಿಸಿದೆ.

ಪ್ರಭುಗಳಿಗೆ ಆಗ ಎಪ್ಪತ್ತೆಂಟು. ಕಿವಿ ಸ್ವಲ್ಪ ಮಂದ, ಬುದ್ಧಿ ಅಲ್ಲ. ಹಳೆಯ ಪತ್ರದ ಪ್ರತಿ ತೆಗೆದು ಅವರ ಮುಂದಿಟ್ಟು, ನಡೆದದ್ದನ್ನೆಲ್ಲ ಹೇಳಿ, ಬೈಗುಳಕ್ಕೆ ತಯಾರಾಗಿ ನಿಂತೆ. ಅವರು ಕನ್ನಡಕ ಒರೆಸಿ, ಎರಡು ಸಲ ಓದಿ, “ವ್ಯಾಕರಣ ತಪ್ಪಿಲ್ಲ” ಎಂದರು. ಅದಕ್ಕಿಂತ ನಾಲ್ಕು ಬೈದಿದ್ದರೆ ಹಗುರಾಗುತ್ತಿತ್ತು.

ಆ ಸಂಜೆ ಏಳು ಗಂಟೆಗೆ ದಿನೇಶನ ಅಮೆರಿಕದ ವಕೀಲೆ ಮಾರ್ಥಾ ವಿಡಿಯೋ ಕರೆ ಮಾಡಿದರು. ಅಲ್ಲಿ ಬೆಳಗಿನ ಹೊತ್ತು, ಕೈಯಲ್ಲಿ ಕಾಫಿ. ನಾನು ಟೈಪಿಂಗ್ ಇಂಗ್ಲಿಷಿನಲ್ಲಿ ಮಾತಾಡಿದೆ, ಅವರು ನಿಧಾನವಾಗಿ ಮಾತಾಡಿದರು. ಆ ವಾಕ್ಯ ತಪ್ಪು ಎಂದು ರಾಯರಿಂದ ಇನ್ನೊಂದು ಪತ್ರ ಬರೆಸಿಕೊಡುತ್ತೇನೆ ಎಂದೆ. ಮಾರ್ಥಾ ಕಾಫಿ ಕೆಳಗಿಟ್ಟರು. ಹಾಗೆ ಮಾಡಿದರೆ ಹಿಂದೆ ಕೊಟ್ಟದ್ದು ಸುಳ್ಳು ಪತ್ರ ಎಂದಾಗುತ್ತದೆ, ಈಗ ಉಳಿದಿರುವುದೂ ಹೋಗುತ್ತದೆ ಎಂದರು. ಹಳೆಯ ಪತ್ರ ನಿಜವಾಗಿಯೇ ಉಳಿಯಬೇಕು, ಎರಡು ಕೆಲಸ ಒಂದೇ ತರಹದ್ದು ಎಂಬುದೂ ನಿಜವಾಗಬೇಕು, ಹೇಳುವವರು ಅವನ ಕೆಲಸವನ್ನು ಕಣ್ಣಾರೆ ನೋಡಿದವರಾಗಬೇಕು. ಕರೆ ಮುಗಿದ ಮೇಲೆ ಪ್ರಭುಗಳು, “ಆ ಹೆಂಗಸು ಬುದ್ಧಿವಂತೆ. ನಮ್ಮಲ್ಲಿ ಕೆಲಸಕ್ಕೆ ಇರಬೇಕಿತ್ತು” ಎಂದು ನನ್ನ ಕಡೆ ನೋಡಿದರು.

ನನಗೆ ಮೊದಲು ಹೊಳೆದದ್ದು ಗಿರಿಜಕ್ಕ. ಮಗ ಚಿಕ್ಕಂದಿನಿಂದ ಮನೆಯಲ್ಲಿ ಮೀನಿನ ಅಡುಗೆ ಮಾಡುತ್ತಿದ್ದ ಎಂದು ತಾಯಿಯೇ ಅಫಿಡವಿಟ್ಟು ಕೊಟ್ಟರೆ? ಕಡಲ ಬದಿಯ ಹುಡುಗನಲ್ಲವೇ, ಮಾಡದೇ ಇರುತ್ತಾನಾ! ಪ್ರಭುಗಳನ್ನು ಕೇಳದೆ ಅರ್ಧ ಪುಟ ಟೈಪ್ ಮಾಡಿ ಇಟ್ಟು ಗಿರಿಜಕ್ಕನನ್ನು ಬರಹೇಳಿದೆ. ಮಾರ್ಕೆಟಿನ ವ್ಯಾಪಾರ ಮುಗಿಸಿ ನೇರವಾಗಿ ಬಂದರು. ಮೇಲಿನ ಲಾಡ್ಜಿನ ಮ್ಯಾನೇಜರ್ ಮೂಗು ಹಿಡಿದು ಮೆಟ್ಟಿಲಲ್ಲಿ ಇಣುಕಿ ಹೋದ. ನಾನು ಬರೆದದ್ದನ್ನು ತುಳುವಿನಲ್ಲಿ ಓದಿ ಹೇಳಿದೆ.

“ಯಾರು, ದಿನೇಶನಾ?” ಎಂದರು ಗಿರಿಜಕ್ಕ. “ಮೀನಿನ ಅಡುಗೆಯಾ?”

“ಹೌದು.”

“ಅವನಿಗೆ ಎಲ್ಲಿ ಬರ್ತದೆ? ಒಂದು ಸಲ ಬಂಗುಡೆ ಸಾರು ಮಾಡಿದ್ದ, ಬೆಕ್ಕು ಕೂಡ ಮೂಸ್ಲಿಲ್ಲ. ಅದರ ಮೇಲೆ ನಾನು ಅವನನ್ನು ಮೀನಿನ ಮಡಕೆಯ ಹತ್ತಿರ ಬಿಡ್ಲೇ ಇಲ್ಲ.”

“ಗಿರಿಜಕ್ಕ, ಅವನ ಕಾರ್ಡಿನ ಪ್ರಶ್ನೆ.”

“ಇರಲಿ. ಸುಳ್ಳಿಗೆ ನಾನು ಹೆಬ್ಬೆಟ್ಟು ಒತ್ತುದಿಲ್ಲ. ನನ್ನ ಹತ್ತಿರ ಮೀನು ತಕ್ಕೊಳ್ಳುವವರಿಗೆ ನಿನ್ನೆಯದ್ದನ್ನು ಇವತ್ತಿನದು ಅಂತ ನಾನು ಕೊಟ್ಟದ್ದಿಲ್ಲ.”

ಒಳಗೆ ಪ್ರಭುಗಳು ಕೆಮ್ಮಿದ ಹಾಗೆ ಕೇಳಿತು. ಅದು ನಗು ಎಂದು ಆಮೇಲೆ ಗೊತ್ತಾಯಿತು.

“ಹಾಗಾದ್ರೆ ಈಗ ಆ ಹೋಟೆಲಿನಲ್ಲಿ ಅವ ಎಂತ ಮಾಡ್ತಾನೆ?” ಎಂದು ಕೇಳಿದೆ.

“ಈಗ ಬರ್ತದೆ. ಅಲ್ಲಿ ಲಾಕ್‌ಡೌನ್ ಆದಾಗ ಮನೆಯಲ್ಲಿ ಕೂತಿದ್ದನಲ್ಲ, ದಿನಾ ಫೋನಿನಲ್ಲಿ ನಾನೇ ಹೇಳಿಕೊಟ್ಟೆ. ಮೀನು ಯಾವಾಗ ಹಾಕುವುದು, ಯಾವಾಗ ಇಳಿಸುವುದು, ಅಷ್ಟೇ. ಮಸಾಲೆ ಹೇಳಿಕೊಡ್ಬೇಕಾಗಿ ಬರ್ಲಿಲ್ಲ, ಅದು ಅವನಿಗೆ ಮೊದಲೇ ಗೊತ್ತಿತ್ತು.” ಹೀಗೆಂದು ಅವರು ಬುಟ್ಟಿ ಎತ್ತಿಕೊಂಡು ಎದ್ದರು. ಹೋಗುವಾಗ ಪ್ರಭುಗಳ ಬಾಗಿಲಲ್ಲಿ ನಿಂತು, “ಸ್ವಾಮೀ, ನನ್ನ ಮಗನನ್ನು ವಾಪಸು ಕಳಿಸುವ ಹಾಗೆ ಮಾಡ್ಬೇಡಿ. ಆ ಮಗುವಿನ ಶಾಲೆ ಅಲ್ಲಿ” ಎಂದರು. ಆಗ ಮಾತ್ರ ಅವರ ಸ್ವರ ಸಣ್ಣದಾಗಿತ್ತು.

ಉಳಿದವರು ರಾಯರು ಒಬ್ಬರೇ.

ಅವರ ಹೋಟೆಲು ಮುಚ್ಚಿ ವರ್ಷಗಳಾಗಿದ್ದವು. ಆ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ರಾಯರು ಪಂಪ್‌ವೆಲ್ಲಿನ ಹತ್ತಿರ ಮಗಳ ಫ್ಲಾಟಿನಲ್ಲಿದ್ದರು. ನಾನು ಹೋದಾಗ ಬಾಲ್ಕನಿಯಲ್ಲಿ ಕುಳಿತು ಫ್ಲೈಓವರಿನ ಮೇಲೆ ಹೋಗುವ ಲಾರಿಗಳನ್ನು ನೋಡುತ್ತಿದ್ದರು. ಎಂಬತ್ತನಾಲ್ಕು ವಯಸ್ಸು. ಒಗೆದು ಇಸ್ತ್ರಿ ಮಾಡಿದ ಪಂಚೆ. ಮಗಳು ಕಾಫಿ ತಂದಿಟ್ಟು ಒಳಗೆ ಹೋದರು. ನಾನು ವಿಷಯ ಹೇಳಿದೆ.

“ನಾನು ಬರೆಸಿದ್ದರಲ್ಲಿ ಎಂತ ಸುಳ್ಳುಂಟು?” ಎಂದರು ರಾಯರು, ಗಡುಸಾಗಿ. “ನನ್ನ ಹೋಟೆಲಿನಲ್ಲಿ ಇದ್ದಷ್ಟು ದಿನ ಅವ ಮೀನು ಮುಟ್ಟಲಿಲ್ಲ. ಬೆಳಿಗ್ಗೆ ಬಂದವನೇ ಬಾವಿಕಟ್ಟೆಯಲ್ಲಿ ಸ್ನಾನ ಮಾಡಿಯೇ ಒಳಗೆ ಬರುತ್ತಿದ್ದ. ನಾನು ಹೇಳಿದ್ದೆ, ಅವ ಒಂದು ದಿನ ತಪ್ಪಿಸಲಿಲ್ಲ.”

“ಸುಳ್ಳು ಅಂತ ನಾನು ಹೇಳ್ಲಿಲ್ಲ ರಾಯರೇ. ಅದು ನಿಮ್ಮ ಹೋಟೆಲಿನ ನಿಯಮ, ಅವನಿಗೆ ಬಾರದ ಕೆಲಸ ಅಂತ ಅಲ್ಲ, ಇಷ್ಟು ಬರೆದುಕೊಟ್ಟರೆ ಸಾಕು. ಮತ್ತೆ ಅವ ಒಲೆಯ ಮುಂದೆ ಎಂತೆಲ್ಲ ಮಾಡುತ್ತಿದ್ದ, ಅದನ್ನು ಹೇಳಿ.”

ಎಂತೆಲ್ಲ ಮಾಡುತ್ತಿದ್ದ ಎಂದು ಕೇಳಿದ್ದೇ ತಡ, ರಾಯರು ಕುರ್ಚಿಯಲ್ಲಿ ಮುಂದೆ ಸರಿದು ಕುಳಿತರು. ಹತ್ತು ವರ್ಷದಿಂದ ಅವರನ್ನು ಯಾರೂ ಹೋಟೆಲಿನ ಬಗ್ಗೆ ಕೇಳಿರಲಿಲ್ಲ ಎಂದು ಕಾಣುತ್ತದೆ. ದೊಡ್ಡ ಹಂಡೆಗೆ ಉಪ್ಪು ಹಾಕುವುದು ಕಣ್ಣಳತೆಯಲ್ಲೋ ಕೈಯಳತೆಯಲ್ಲೋ ಎಂಬಲ್ಲಿಂದ ಶುರುವಾಯಿತು. ಒಗ್ಗರಣೆಯ ಸದ್ದಿನಿಂದಲೇ ಎಣ್ಣೆ ಹದ ಹೇಳುತ್ತಿದ್ದದ್ದು, ಮಾರ್ಕೆಟಿಗೆ ಹೋಗಿ ಮುಳ್ಳುಸೌತೆ, ಮಂಗಳೂರು ಸೌತೆ ಆರಿಸುತ್ತಿದ್ದದ್ದು, ಸಹಾಯಕರಿಬ್ಬರು ಜಗಳವಾಡಿದಾಗ ಒಬ್ಬನನ್ನು ಈರುಳ್ಳಿ ಹೆಚ್ಚಲು ಕೂರಿಸಿ ಅಳಿಸಿ ಸಮಾಧಾನ ಮಾಡಿದ್ದು, ಒಂದು ಹಬ್ಬದ ದಿನ ಗ್ಯಾಸ್ ಮುಗಿದು ಹಿತ್ತಿಲಲ್ಲಿ ಕಲ್ಲಿಟ್ಟು ಸೌದೆಯಲ್ಲಿ ಇನ್ನೂರು ಜನರ ಊಟ ಇಳಿಸಿದ್ದು. ನಾನು ನೋಟ್ ಪುಸ್ತಕದಲ್ಲಿ ಬರೆದೇ ಬರೆದೆ. ಕಾಫಿ ಆರಿತು.

“ಇಷ್ಟೆಲ್ಲ ಸರಿ, ರಾಯರೇ. ಆದ್ರೆ ಅಲ್ಲಿಯವರು ಕೇಳುವುದು ಒಂದೇ. ತರಕಾರಿ ಅಡುಗೆಯವ ಮೀನಿನ ಅಡುಗೆ ಹೇಗೆ ಮಾಡ್ತಾನೆ ಅಂತ.”

ರಾಯರು ಒಳಗಿನ ಬಾಗಿಲ ಕಡೆ ನೋಡಿದರು. ಮಗಳು ಮಿಕ್ಸಿ ಹಾಕಿದ್ದರು. ಅವರು ನನ್ನ ಕಡೆ ಬಾಗಿ ಸ್ವರ ತಗ್ಗಿಸಿದರು.

“ಅಮ್ಮಾ, ನನ್ನ ಹೋಟೆಲಿನ ಸೌತೆಕಾಯಿ ಹುಳಿ ನೀವು ಉಂಡಿದ್ದೀರಿ ಅಲ್ವಾ?”

“ಉಂಡಿದ್ದೇನೆ. ಪ್ರಭು ಸರ್ ಅದಕ್ಕೇ ಬರುತ್ತಿದ್ದರು.”

“ದಿನೇಶ ಸೌಟು ಹಿಡಿಯುವ ಮೊದಲು ಅದನ್ನು ಕೇಳುವವರಿರಲಿಲ್ಲ. ಅವ ಬಂದ ಮೇಲೆ ಸಾಲು ನಿಂತರು. ಒಂದು ದಿನ ನಾನು ರುಚಿ ನೋಡಿ ಕೇಳಿದೆ, ಎಂತ ಹಾಕಿದ್ದಿ ಮಾರಾಯ, ಓಮದ ಪರಿಮಳ ಬರ್ತದೆ? ಅವ ತಲೆ ತಗ್ಗಿಸಿ ನಿಂತ. ಮತ್ತೆ ಹೇಳಿದ, ಅಮ್ಮ ಬಂಗುಡೆಗೆ ಹಾಕುವ ಮಸಾಲೆ, ಧಣಿ; ಬೆಳ್ಳುಳ್ಳಿ ಮಾತ್ರ ಬಿಟ್ಟಿದ್ದೇನೆ, ಅಂತ.”

ನಾನು ಪೆನ್ನು ಕೆಳಗಿಟ್ಟೆ.

“ಮೆಣಸು, ಕೊತ್ತಂಬರಿ, ಮೆಂತೆ, ಚೂರು ಓಮ, ಹುಳಿ, ತೆಂಗಿನಕಾಯಿ. ಅದರಲ್ಲಿ ಅಶುದ್ಧ ಎಂತ ಉಂಟು ಹೇಳಿ? ಒಂದೂ ಇಲ್ಲ. ನಾನು ಆ ದಿನ ರಾತ್ರಿ ಯೋಚನೆ ಮಾಡಿದೆ, ಬೆಳಿಗ್ಗೆ ಅವನಿಗೆ ಹೇಳಿದೆ, ಇದೇ ಹಾಕು, ಯಾರಿಗೂ ಹೇಳ್ಬೇಡ. ಆರು ವರ್ಷ ಊರಿಗೆಲ್ಲ ಬಡಿಸಿದೆ.”

“ರಾಯರೇ!” ಎಂದೆ ನಾನು. ಖುಷಿಯಲ್ಲಿ ಸ್ವರ ಏರಿತು. “ಅದನ್ನೇ ಅಲ್ವಾ ಅವರು ಕೇಳುವುದು! ಅದೇ ಮಸಾಲೆ, ಅದೇ ಕೈ. ಒಂದು ಕಡೆ ಸೌತೆಕಾಯಿ, ಇನ್ನೊಂದು ಕಡೆ ಮೀನು. ಇದನ್ನು ಬರ್ದರೆ ಮತ್ತೆ ಯಾರೂ ಎಂತದೂ ಕೇಳುವ ಹಾಗಿಲ್ಲ.”

“ಅದನ್ನು ಬರೆಯಬೇಡಿ” ಎಂದರು ರಾಯರು. “ಉಳಿದದ್ದು ಬೇಕಾದ್ದು ಬರೀರಿ. ಅದು ಬೇಡ. ಮಠದವರು ಉಂಡಿದ್ದಾರೆ ಅಲ್ಲಿ. ನನ್ನ ತಂದೆ ಇಟ್ಟ ಹೋಟೆಲು ಅದು.”

ನಾನು ಒತ್ತಾಯ ಮಾಡಲಿಲ್ಲ. ಅದು ಒಳ್ಳೆಯತನವೇನಲ್ಲ, ಹೇಗೆ ಒತ್ತಾಯಿಸುವುದೆಂದು ತಿಳಿಯಲಿಲ್ಲ. ಪುಸ್ತಕ ಮಡಚಿ ಚೀಲಕ್ಕೆ ಹಾಕಿ ಎದ್ದೆ. ಅವನ ಅಪ್ಪ ತೀರಿಕೊಂಡಾಗ ಊರಿಗೆ ಬರಲು ಆಗಲಿಲ್ಲವಂತೆ ಎಂದು ಮಾತ್ರ ಹೇಳಿದೆ. ಅದು ಅವರಿಗೆ ಗೊತ್ತಿರಲಿಲ್ಲ.

“ಯಾಕೆ? ಯಾಕೆ ಬರ್ಲಿಲ್ಲ?”

“ಯಜಮಾನರು ಬಿಡ್ಲಿಲ್ಲ. ಕಾರ್ಡ್ ಬರುವವರೆಗೆ ಅವರ ಮಾತು ಮೀರುವ ಹಾಗಿಲ್ಲ.”

ರಾಯರು ಫ್ಲೈಓವರಿನ ಕಡೆ ತಿರುಗಿದರು. ಮಿಕ್ಸಿ ನಿಂತಿತ್ತು. ಅಷ್ಟರಲ್ಲಿ ಅವರ ಮಗಳು ಬಾಗಿಲಲ್ಲಿ ಬಂದು ನಿಂತು, “ಅಪ್ಪ, ಅಮ್ಮನಿಗೆ ಆ ಮಸಾಲೆ ವಿಷಯ ಗೊತ್ತಿತ್ತು. ನನಗೂ ಗೊತ್ತಿತ್ತು. ನಮ್ಮ ಮನೆಯಲ್ಲಿ ಈಗಲೂ ಹಾಗೆಯೇ ಮಾಡುವುದು. ಇವತ್ತು ಬೆಳಿಗ್ಗೆ ನೀವು ಎರಡು ಸಲ ಹಾಕಿಸಿಕೊಂಡಿರಿ” ಎಂದರು.

ರಾಯರು ಮಗಳನ್ನು ನೋಡಿದರು, ನನ್ನನ್ನು ನೋಡಿದರು. “ಕೂತ್ಕೊಳ್ಳಿ” ಎಂದರು ನನಗೆ. “ಬರೀರಿ. ಓಮ ಎಷ್ಟು ಅಂತಲೂ ಬರೀರಿ. ಹೆಚ್ಚಾದ್ರೆ ಕಹಿ ಆಗ್ತದೆ, ಅವರಿಗೆ ಗೊತ್ತಾಗ್ಲಿ.”

ನಾನು ಟೈಪ್ ಮಾಡಿದಾಗ ನಾಲ್ಕು ಪುಟವಾಯಿತು. ಪ್ರಭುಗಳು ಸ್ಕೇಲ್ ತೆಗೆದುಕೊಂಡು ಕುಳಿತರು. ಸೌದೆಯ ಊಟ ಹೋಯಿತು, ಈರುಳ್ಳಿಯ ಅಳು ಹೋಯಿತು, ‘ಅತ್ಯಂತ’, ‘ಅದ್ಭುತ’ ಎಲ್ಲ ಹೋದವು. ಒಂದೂವರೆ ಪುಟ ಉಳಿಯಿತು. ಹುಳಿಯ ಮಸಾಲೆ ಬಂದ ವಾಕ್ಯದ ಹತ್ತಿರ ಸ್ಕೇಲ್ ನಿಂತಿತು. ಅವರು ಅದನ್ನು ಓದಿದರು, ಮತ್ತೆ ಓದಿದರು. ಆಮೇಲೆ ಕನ್ನಡಕ ತೆಗೆದು ನನ್ನನ್ನು ನೋಡಿ, “ಬಂಗುಡೆಯದ್ದಾ?” ಎಂದರು. ನಾನು ಹೌದೆಂದೆ. “ನಾನು ಉಂಡದ್ದು?” ಹೌದೆಂದೆ. ಅವರು ಆ ವಾಕ್ಯದ ಮೇಲೆ ಗೆರೆ ಎಳೆಯಲಿಲ್ಲ. ರಾಯರ ಸಹಿಯಾದ ಮೇಲೆ ಸೀಲು ಹಾಕುವಾಗ ಮಾತ್ರ ಎಂದಿಗಿಂತ ಸ್ವಲ್ಪ ಜೋರಾಗಿ ಒತ್ತಿದರು.

ಮಾರ್ಥಾ ಪತ್ರ ಓದಿ ಉತ್ತರ ಬರೆದರು. ಇಂಥದ್ದನ್ನು ತಾನು ನೋಡಿಯೇ ಇಲ್ಲ, ಓಮ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ವಲಸೆ ಆಫೀಸಿಗೆ ನಮ್ಮ ಉತ್ತರ ಹೋಯಿತು. ಒಂದು ತಿಂಗಳು, ಎರಡು ತಿಂಗಳು, ಐದು ತಿಂಗಳು. ದಿನೇಶ ವಾರಕ್ಕೊಮ್ಮೆ ಫೋನ್ ಮಾಡಿ ಅಲ್ಲಿಯ ಹವೆಯ ಬಗ್ಗೆ ಮಾತಾಡುತ್ತಿದ್ದ. ಇಬ್ಬರೂ ಕಾರ್ಡಿನ ಹೆಸರು ಎತ್ತುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವನ ಫೋನ್ ಬಂತು. ಹಿಂದಿನಿಂದ ಅವನ ಮಗಳು ತುಳುವಿನಲ್ಲಿ “ಬತ್ತ್ಂಡ್, ಬತ್ತ್ಂಡ್” ಎಂದು ಕೂಗುವುದು ಕೇಳಿತು. ಬಂತು, ಬಂತು ಎಂದು. ನಾನು ಬಸ್ಸಿನಲ್ಲಿದ್ದೆ. ಪಕ್ಕದ ಸೀಟಿನ ಹೆಂಗಸಿಗೆ ಯಾಕೆಂದು ಹೇಳದೆ ಒಂದು ಬಾಳೆಹಣ್ಣು ಕೊಟ್ಟೆ.

ನಾನು ಕೆಲಸ ಬಿಡುವ ತಿಂಗಳಲ್ಲಿ ದಿನೇಶ ಊರಿಗೆ ಬಂದ. ತಲೆ ಅರ್ಧ ಬೆಳ್ಳಗಾಗಿತ್ತು. ಅಪ್ಪನ ಹೆಸರಿನಲ್ಲಿ ಮಾಡಬೇಕಾದ್ದನ್ನು ಮೊದಲು ಮಾಡಿ, ಆಮೇಲೆ ರಾಯರನ್ನು ನೋಡಿ, ಕೊನೆಗೆ ನಮ್ಮ ಆಫೀಸಿಗೆ ಬಂದ. ಪ್ರಭುಗಳ ಕಾಲು ಮುಟ್ಟಿದ. ನಾನು ಆ ಗೋವಾದವರ ಹೋಟೆಲು ಹೇಗೆ ನಡೆಯುತ್ತದೆ ಎಂದು ಕೇಳಿದೆ.

“ಚಂದ ನಡೀತದೆ ಅಕ್ಕ. ಕಾರ್ಡ್ ಬಂದ ಮೇಲೂ ಒಂದು ವರ್ಷ ಅಲ್ಲಿ ಮಾಡಿದೆ, ಅವರು ಕಷ್ಟಕಾಲಕ್ಕೆ ಆದವರಲ್ವಾ. ಈಗ ಬಿಟ್ಟೆ.”

“ಬಿಟ್ಟೆಯಾ? ಈಗ ಯಾವ ಹೋಟೆಲು?”

“ಹೋಟೆಲು ಅಲ್ಲ. ಶಾಲೆಯ ಬಸ್ಸು ಓಡಿಸ್ತೇನೆ.”

ಸೌತೆಕಾಯಿಗೂ ಮೀನಿಗೂ ವ್ಯತ್ಯಾಸವಿಲ್ಲ ಎಂದು ತೋರಿಸಲು ನಾನು ಪಂಪ್‌ವೆಲ್‌ಗೆ ಎಷ್ಟು ಸಲ ಬಸ್ಸು ಹತ್ತಿದ್ದೆ! ಒಬ್ಬ ಮುದುಕರ ಆಯುಷ್ಯದ ಗುಟ್ಟನ್ನು ಬಿಚ್ಚಿಸಿ ಅಮೆರಿಕಕ್ಕೆ ಕಳಿಸಿದ್ದೆ!

“ಬಸ್ಸಾ?” ಎಂದೆ. “ಅಷ್ಟೆಲ್ಲ ಮಾಡಿದ್ದು ಬಸ್ಸು ಓಡಿಸ್ಲಿಕ್ಕಾ ಮಾರಾಯ?”

ಅವನು ನಕ್ಕ. “ಹೌದಕ್ಕ. ಇಷ್ಟು ವರ್ಷ ಗೋಡೆ ನೋಡಿಕೊಂಡು ಒಲೆ ಎದುರು ನಿಂತೆ. ಕಾರ್ಡ್ ಬಂದ ದಿನ ಶಶಿಕಲಾ ಕೇಳಿದ್ಲು, ನಿಮಗೆ ಎಂತ ಮಾಡ್ಲಿಕ್ಕೆ ಇಷ್ಟ ಅಂತ. ಯಾರೂ ಕೇಳಿರಲಿಲ್ಲ, ನನಗೂ ತಕ್ಷಣ ಹೊಳೆಯಲಿಲ್ಲ. ಎರಡು ದಿನ ಯೋಚನೆ ಮಾಡಿ ಹೇಳಿದೆ.”

ಒಳಗಿನಿಂದ ಪ್ರಭುಗಳು, “ವಾರಿಜಾ, ಆ ಹುಡುಗ ಬಸ್ಸಿಗೆ ಅನುಭವ ಪತ್ರ ಕೇಳ್ತಾನಾ?” ಎಂದರು. ಇಲ್ಲ ಸರ್ ಎಂದೆ. “ಒಳ್ಳೇದಾಯ್ತು” ಎಂದರು.

ಸಂಜೆ ನಾವಿಬ್ಬರೂ ಒಂದೇ ಬಸ್ಸಿಗೆ ಹತ್ತಿದೆವು. ಅವನು ಸುರತ್ಕಲ್‌ನಲ್ಲಿ ಇಳಿಯುವವನು, ನಾನು ಕಾಟಿಪಳ್ಳದವರೆಗೆ. ನನಗೆ ಸೀಟು ಸಿಕ್ಕಿತು. ಅವನು ಕೂರಲಿಲ್ಲ. ಮುಂದೆ ಹೋಗಿ ಕಂಬಿ ಹಿಡಿದು ನಿಂತು ಡ್ರೈವರನ ಕೈ, ಕಾಲು, ಕನ್ನಡಿ ಎಲ್ಲ ನೋಡುತ್ತಿದ್ದ. ಕೊಟ್ಟಾರದ ತಿರುವಿನಲ್ಲಿ ಡ್ರೈವರ್ ಒಂದು ಕಾರಿಗೂ ಲಾರಿಗೂ ನಡುವೆ ಬಸ್ಸನ್ನು ನುಗ್ಗಿಸಿದಾಗ ದಿನೇಶ “ಅಯ್ಯೋ” ಎಂದ. ಡ್ರೈವರ್ ಕನ್ನಡಿಯಲ್ಲಿ ನೋಡಿ, “ಹೆದರಿಕೆ ಆಯ್ತಾ ಅಣ್ಣ? ನಿಮಗೆ ಎಂತ ಕೆಲಸ?” ಎಂದು ಕೇಳಿದ.

“ನಾನೂ ಡ್ರೈವರೇ” ಎಂದ ದಿನೇಶ.

ಡ್ರೈವರ್ ಮತ್ತೇನೂ ಕೇಳಲಿಲ್ಲ. ಎಂಜಿನ್ ಪಕ್ಕದ ಸೀಟಿನ ಮೇಲಿದ್ದ ತನ್ನ ಟವೆಲನ್ನು ಒಂದು ಕೈಯಲ್ಲಿ ತೆಗೆದು ಹೆಗಲಿಗೆ ಹಾಕಿಕೊಂಡು ಅವನಿಗೆ ಜಾಗ ಮಾಡಿಕೊಟ್ಟ.